ಫಿನ್, ಬಟ್ಟೆ ಚೀಲ, ಜೆಜ್ವೆ, ವಿ60: ಏಷ್ಯಾದ ಕಾಫಿ ಪಾತ್ರೆಗಳಿಗೆ ಚಿಕ್ಕಮಗಳೂರಿನ ಪುಡಿ ಹಾಕಿದರೆ

ಚಿಕ್ಕಮಗಳೂರಿನ ಪಾತ್ರೆ ಅಂಗಡಿಯಲ್ಲಿ ಕಾಫಿ ಫಿಲ್ಟರ್ ಕೇಳಿದರೆ ಸಿಗುವುದು ಎರಡೇ ಬಗೆ: ಹಿತ್ತಾಳೆಯದು, ಸ್ಟೀಲಿನದು. ಆನ್‌ಲೈನಿನಲ್ಲಿ ಮಾತ್ರ ವಿಯೆಟ್ನಾಮಿನ ಫಿನ್ (ಲೋಟದ ಮೇಲೆ ಕೂರುವ ಸಣ್ಣ ಫಿಲ್ಟರ್), ಮಲೇಶಿಯಾದ ಬಟ್ಟೆ ಚೀಲ, ಟರ್ಕಿಯ ಜೆಜ್ವೆ (ಉದ್ದ ಹಿಡಿಯ ಪುಟ್ಟ ಪಾತ್ರೆ), ಜಪಾನಿನ ವಿ60 (ಕಾಗದ ಹಾಕಿ ಸೋಸುವ ಶಂಕು), ಅರಬ್ಬರ ದಲ್ಲಾ (ಕೊಕ್ಕಿನ ಹೂಜಿ) ಎಲ್ಲವೂ ಮನೆ ಬಾಗಿಲಿಗೇ ಬರುತ್ತವೆ. ತರಿಸಿಕೊಂಡವರಲ್ಲಿ ಬಹುಪಾಲು ಜನ ಡಬ್ಬಿಯಲ್ಲಿರುವ ಚಿಕೋರಿ ಬೆರೆತ ಪುಡಿಯನ್ನೇ ಅದಕ್ಕೂ ಸುರಿಯುತ್ತಾರೆ, ಒಂದು ಗುಟುಕು ಕುಡಿದು ಮುಖ ಕಿವಿಚುತ್ತಾರೆ, ಪಾತ್ರೆ ಅಟ್ಟ ಸೇರುತ್ತದೆ. ಈ ಪಾತ್ರೆಗಳೆಲ್ಲ ತಂತಮ್ಮ ಸೀಮೆಯ ಬೀಜ, ಹಾಲು, ಸಕ್ಕರೆ, ನೀರು, ಜೇಬು ನೋಡಿಕೊಂಡು ರೂಪುಗೊಂಡವು. ಬೀಜ, ಹುರಿಯುವ ಹದ, ಪುಡಿಯ ತರಿ ಮೂರನ್ನೂ ಪಾತ್ರೆಗೆ ತಕ್ಕಂತೆ ಬದಲಿಸದೆ ಯಾವುದಕ್ಕೂ ಅಂಕ ಕೊಡುವುದು ನ್ಯಾಯವಲ್ಲ.

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ: ಒಂದೇ ಒಂದು ಕೊಳ್ಳುವುದಾದರೆ ಸ್ಟೀಲಿನ ಫಿನ್ ಕೊಳ್ಳಿ. ಹಾಲಿಲ್ಲದ ಕಾಫಿ ಕುಡಿಯುವವರಿದ್ದರೆ ಮಾತ್ರ ವಿ60. ಜೆಜ್ವೆ ತಾಳ್ಮೆ ಇರುವವರಿಗೆ. ದಲ್ಲಾ ಬೇಡ.

ಮೊದಲು ಪುಡಿಯ ಮಾತು. ಪೇಟೆಯ ಪುಡಿ ಅಂಗಡಿಗಳಲ್ಲಿ ಎಂಬತ್ತು ಇಪ್ಪತ್ತು, ಎಪ್ಪತ್ತು ಮೂವತ್ತು ಎಂದು ಹೇಳಿ ತೆಗೆದುಕೊಳ್ಳುವುದು ರೂಢಿ. ಎರಡನೆಯ ಅಂಕಿ ಚಿಕೋರಿಯದು. ಬೆರೆಸಿದ ಪುಡಿಯಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದೆಂಬುದು ಕಾನೂನು. ಚಿಕೋರಿ ಒಂದು ಬೇರು, ಅದರಲ್ಲಿ ಕೆಫೀನ್ ಇಲ್ಲ, ನೀರು ಬಿದ್ದೊಡನೆ ಅದು ಉಬ್ಬುತ್ತದೆ. ನಮ್ಮ ಫಿಲ್ಟರಿನಲ್ಲಿ ಈ ಉಬ್ಬುವಿಕೆಯೇ ಉಪಕಾರಿ, ಡಿಕಾಕ್ಷನ್ ನಿಧಾನವಾಗಿ ಇಳಿದು ಗಟ್ಟಿಯಾಗುತ್ತದೆ. ಕೆಳಗೆ ಹೇಳುವ ಬೇರೆ ಯಾವ ಪಾತ್ರೆಗೂ ಅದು ಆಗಿಬರುವುದಿಲ್ಲ. ಆದ್ದರಿಂದ ಚಿಕೋರಿ ಇಲ್ಲದ ಬೀಜ ಕಾಲು ಕೆಜಿ ತೆಗೆದುಕೊಂಡು ಅಲ್ಲೇ ಬೀಸಿಸಿ. ಇಲ್ಲೊಂದು ಸೂಕ್ಷ್ಮವಿದೆ. ಯಂತ್ರದ ತಟ್ಟೆಗಳ ನಡುವೆ ಹಿಂದಿನ ಗಿರಾಕಿಯ ಪುಡಿ ಉಳಿದಿರುತ್ತದೆ. ಮೊದಲು ಬೀಳುವ ಒಂದು ಹಿಡಿಯನ್ನು ಬೇರೆ ಪೊಟ್ಟಣಕ್ಕೆ ಹಾಕಿಸಿಕೊಂಡು ಮನೆಯ ಫಿಲ್ಟರಿಗೆ ಬಳಸಿ. ಹೊಸ ಪಾತ್ರೆಯಲ್ಲಿ ಹಳೆಯ ರುಚಿಯೇ ಬರುತ್ತಿದೆ ಎನ್ನುವವರ ತಕರಾರಿನ ಮೂಲ ಸಾಮಾನ್ಯವಾಗಿ ಆ ಒಂದು ಹಿಡಿ.

ನೀರೂ ಲೆಕ್ಕಕ್ಕೆ ಬರುತ್ತದೆ. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ ನೀರು 96–97 ಡಿಗ್ರಿಗೇ ಕುದಿಯುತ್ತದೆ. ಹೊರದೇಶದ ಪಾಕಪಟ್ಟಿಗಳಲ್ಲಿ ಬರುವ ‘ಕುದಿಸಿ ಒಂದು ನಿಮಿಷ ಬಿಡಿ’ ಎಂಬ ಸೂಚನೆ ನಮಗೆ ಬೇಡ. ಬಿಟ್ಟರೆ ನೀರು ಅಗತ್ಯಕ್ಕಿಂತ ಆರುತ್ತದೆ, ಕಾಫಿ ಸಪ್ಪೆ. ಇನ್ನು ಮಲೆನಾಡಿನ ಹಳ್ಳದ ನೀರು ಮೆದು, ಕಡೂರು ಅರಸೀಕೆರೆ ಕಡೆಯ ಬೋರಿನ ನೀರು ಗಡಸು. ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಅರೇಬಿಕಾ ಜಾತಿಯ ಕಾಫಿಯ ನವಿರು ಹುಳಿಯನ್ನು ನುಂಗಿಬಿಡುತ್ತದೆ. ಹಾಲು ಹಾಕುವ ಕಾಫಿಯಲ್ಲಿ ಅದು ಗೊತ್ತಾಗುವುದಿಲ್ಲ, ವಿ60ಯಲ್ಲಿ ಎದ್ದು ಕಾಣುತ್ತದೆ.

ಅಳತೆಗೋಲಾಗಿ ನಮ್ಮ ಫಿಲ್ಟರನ್ನೇ ಇಟ್ಟುಕೊಳ್ಳೋಣ. 30 ಗ್ರಾಂ ಪುಡಿ, 150 ಮಿ.ಲೀ. ಕುದಿನೀರು, ಇಳಿಯಲು 20ರಿಂದ 30 ನಿಮಿಷ, ಕೈಗೆ ಬರುವುದು 90 ಮಿ.ಲೀ. ಆಸುಪಾಸು. ಇಷ್ಟು ಗಟ್ಟಿ ಏಕೆಂದರೆ ಮೇಲೆ ಎರಡು ಪಾಲು ಹಾಲು ಬೀಳಬೇಕು. ಜಗತ್ತಿನಲ್ಲಿ ಅತಿ ಹೆಚ್ಚು ಹಾಲು ಕರೆಯುವ ದೇಶ ನಮ್ಮದು. ಬೆಳಿಗ್ಗೆ ತಾಜಾ ಹಾಲು ಬರುವ ಮನೆಗಾಗಿ ಹುಟ್ಟಿದ ಪಾತ್ರೆ ಇದು. ಈ ಅನುಕೂಲ ಏಷ್ಯಾದ ಎಲ್ಲ ಕಡೆ ಇರಲಿಲ್ಲ.

ವಿಯೆಟ್ನಾಮನ್ನೇ ನೋಡಿ. ಫ್ರೆಂಚ್ ಪಾದ್ರಿಗಳು 1857ರ ಹೊತ್ತಿಗೆ ಅಲ್ಲಿಗೆ ಕಾಫಿ ಗಿಡ ತಂದರು. ಫ್ರೆಂಚರಿಗೆ ಹಾಲಿನ ಕಾಫಿ ಬೇಕು, ಆ ಸೆಕೆಯಲ್ಲಿ ತಾಜಾ ಹಾಲು ಸಿಗುವುದು ಕಷ್ಟ, ಸಿಕ್ಕರೂ ನಿಲ್ಲುವುದಿಲ್ಲ. ಡಬ್ಬಿಯ ಸಿಹಿ ಗಟ್ಟಿಹಾಲು ಆ ಜಾಗ ಹಿಡಿಯಿತು. ಅಷ್ಟು ಸಿಹಿಯನ್ನು ಎದುರಿಸಿ ನಿಲ್ಲಲು ಕಾಫಿ ಕಹಿಯಾಗಿ, ಗಡುಸಾಗಿ ಇರಬೇಕು. ಅದಕ್ಕೆ ರೋಬಸ್ಟಾ ಜಾತಿಯ ಕಾಫಿ ಹೇಳಿ ಮಾಡಿಸಿದಂತಿದೆ. ಅರೇಬಿಕಾದಲ್ಲಿ ಕೆಫೀನ್ ಸುಮಾರು ಶೇ. 1.2 ಇದ್ದರೆ ರೋಬಸ್ಟಾದಲ್ಲಿ ಶೇ. 2.2ರ ಹತ್ತಿರ. 1986ರಲ್ಲಿ ಅಲ್ಲಿನ ಸರ್ಕಾರ ‘ದೋಯ್ ಮೋಯ್’ ಎಂಬ ಆರ್ಥಿಕ ಸುಧಾರಣೆ ಶುರುಮಾಡಿದ ಮೇಲೆ ಬುವೋನ್ ಮಾ ಥುವೋಟ್ ಸುತ್ತಲಿನ ಮಧ್ಯ ಎತ್ತರದ ಸೀಮೆ ಕಾಫಿಮಯವಾಯಿತು. ಈಗ ಕಾಫಿ ಬೆಳೆಯಲ್ಲಿ ವಿಯೆಟ್ನಾಮಿಗೆ ಬ್ರೆಜಿಲ್ ನಂತರ ಜಗತ್ತಿನಲ್ಲಿ ಎರಡನೆಯ ಸ್ಥಾನ, ರೋಬಸ್ಟಾದಲ್ಲಿ ಮೊದಲನೆಯದು. ನೆರಳು ಮರ ಕಡಿಮೆ, ನೀರಾವರಿ ಗೊಬ್ಬರ ಹೆಚ್ಚು. ಸಿಲ್ವರ್ ಓಕಿಗೆ ಮೆಣಸು ಹಬ್ಬಿಸಿ ಅದರಡಿಯಲ್ಲಿ ಕಾಫಿ ಬೆಳೆಯುವ ಮೂಡಿಗೆರೆ, ಸಕಲೇಶಪುರದ ತೋಟಕ್ಕೆ ಹೋಲಿಸಿದರೆ ಅವರ ಇಳುವರಿ ಎರಡು ಪಟ್ಟಿಗೂ ಮೀರಿದ್ದು. ನಮ್ಮ ಬೆಳೆಗಾರರು ಲಂಡನ್ ಮಾರುಕಟ್ಟೆಯ ರೋಬಸ್ಟಾ ದರ ನೋಡುವಾಗ ವಿಯೆಟ್ನಾಮಿನ ಮಳೆ ಬರಗಳ ಸುದ್ದಿಯನ್ನೂ ಜೊತೆಗೆ ಕೇಳುವುದು ಇದಕ್ಕೇ.

ಫಿನ್‌ಗೆ ನಾಲ್ಕು ಭಾಗ: ಲೋಟದ ಬಾಯಿ ಮೇಲೆ ಕೂರುವ ತಟ್ಟೆ, ಪುಡಿ ಹಾಕುವ ಬಟ್ಟಲು, ಪುಡಿಯನ್ನು ಒತ್ತಿ ಹಿಡಿಯುವ ತೂತಿನ ಬಿಲ್ಲೆ, ಮುಚ್ಚಳ. ಬಿಲ್ಲೆಯಲ್ಲಿ ಎರಡು ಬಗೆ, ತನ್ನ ಭಾರಕ್ಕೇ ಕೂರುವುದು ಮತ್ತು ಸ್ಕ್ರೂ ತಿರುಗಿಸುವುದು. ಹೊಸಬರಿಗೆ ಭಾರದ ಬಿಲ್ಲೆಯೇ ಸರಿ. ಸ್ಕ್ರೂ ಇದ್ದರೆ ಕೈ ಸುಮ್ಮನಿರುವುದಿಲ್ಲ, ಬಿಗಿ ಮಾಡಿಬಿಡುತ್ತೇವೆ, ಹನಿ ನಿಂತುಹೋಗುತ್ತದೆ. ಇದರ ತೂತು ನಮ್ಮ ಫಿಲ್ಟರಿನ ತೂತಿಗಿಂತ ದೊಡ್ಡದು, ಆದ್ದರಿಂದ ಪುಡಿ ಫಿಲ್ಟರ್ ಪುಡಿಗಿಂತ ಒಂದು ಮಟ್ಟ ತರಿಯಾಗಿ ಇರಬೇಕು. ಸಣ್ಣ ರವೆಯಷ್ಟು ತರಿ ಎಂದು ಹೇಳಿದರೆ ಬೀಸುವವರಿಗೆ ಅರ್ಥವಾಗುತ್ತದೆ.

18 ಗ್ರಾಂ ಪುಡಿ ಹಾಕಿ, ಬಟ್ಟಲನ್ನು ಅಲ್ಲಾಡಿಸಿ ಸಮ ಮಾಡಿ, ಬಿಲ್ಲೆ ಇಡಿ. ಮೊದಲು 20 ಮಿ.ಲೀ. ಕುದಿನೀರು ಹಾಕಿ ಅರ್ಧ ನಿಮಿಷ ಬಿಡಬೇಕು. ಪುಡಿ ಒದ್ದೆಯಾಗಿ ಒಳಗಿನ ಗಾಳಿ ಹೊರಬಂದು ಮಟ್ಟಸವಾಗಿ ಕೂರುವುದು ಆಗ. ಈ ಹೆಜ್ಜೆ ಬಿಟ್ಟರೆ ನೀರು ಒಂದು ಕಡೆ ದಾರಿ ಮಾಡಿಕೊಂಡು ಓಡುತ್ತದೆ, ಒಂದು ಮಗ್ಗುಲ ಪುಡಿ ಒಣಗಿಯೇ ಉಳಿಯುತ್ತದೆ. ಆಮೇಲೆ 80 ಮಿ.ಲೀ. ಹಾಕಿ ಮುಚ್ಚಿ. ನಾಲ್ಕರಿಂದ ಐದು ನಿಮಿಷಕ್ಕೆ ಮುಗಿಯಬೇಕು. ಪುಡಿ ಕುಡಿದದ್ದು ಕಳೆದು ಸುಮಾರು 60 ಮಿ.ಲೀ. ಸಿಗುತ್ತದೆ. ಎರಡು ನಿಮಿಷಕ್ಕೇ ಇಳಿದುಬಿಟ್ಟರೆ ತರಿ ಹೆಚ್ಚಾಯಿತು. ಎಂಟು ನಿಮಿಷವಾದರೂ ತೊಟ್ಟಿಕ್ಕುತ್ತಿದ್ದರೆ ಪುಡಿ ನುಣ್ಣಗಿದೆ, ಇಲ್ಲವೇ ಚಿಕೋರಿ ಸೇರಿದೆ. ಅಷ್ಟರಲ್ಲಿ ಕಾಫಿ ತಣ್ಣಗಾಗುವುದು ಫಿನ್‌ನ ನಿಜವಾದ ಕೊರತೆ. ಲೋಟವನ್ನು ಬಿಸಿನೀರಿನ ಬಟ್ಟಲಲ್ಲಿ ಇಟ್ಟರೆ ಅದು ನೀಗುತ್ತದೆ. ವಿಯೆಟ್ನಾಮಿನವರು ಐಸ್ ಹಾಕಿ ಕುಡಿಯುವುದರಿಂದ ಅವರಿಗೆ ಈ ಚಿಂತೆಯೇ ಇಲ್ಲ.

ಸಿಹಿ ಗಟ್ಟಿಹಾಲಾದರೆ ಎರಡು ದೊಡ್ಡ ಚಮಚ. ಬೇಡವೆನ್ನುವವರು 100 ಮಿ.ಲೀ. ಕಾದ ಹಾಲು ಸೇರಿಸಿದರೆ ಮನೆಯ ಕಾಫಿಗೆ ಹತ್ತಿರದ್ದೇ ಆಗುತ್ತದೆ, ಅದೂ ಅರ್ಧ ಗಂಟೆ ಕಾಯದೆ. ಬೀಜದ ಆಯ್ಕೆಯಲ್ಲಿ ಮಾತ್ರ ನಾವು ಅವರಿಗಿಂತ ಮೇಲು. ಅಲ್ಲಿ ಬಹುಪಾಲು ರೋಬಸ್ಟಾ ಹಣ್ಣಿನ ಸಮೇತ ಕಣದಲ್ಲಿ ಒಣಗುತ್ತದೆ. ನಮ್ಮಲ್ಲಿ ಪಲ್ಪರಿಗೆ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರಕ್ಕೆ) ಹಾಕಿ ತೊಳೆದ ರೋಬಸ್ಟಾ ಪಾರ್ಚ್‌ಮೆಂಟ್ (ತೆಳು ಒಳಸಿಪ್ಪೆ ಇರುವ ಬೀಜ) ಸಿಗುತ್ತದೆ, ಕಹಿಯಿದ್ದರೂ ಮಣ್ಣು ವಾಸನೆ ಇರುವುದಿಲ್ಲ. ತೊಳೆದ ರೋಬಸ್ಟಾ, ಮಧ್ಯಮಕ್ಕಿಂತ ತುಸು ಕಪ್ಪು ಹುರಿ, ಫಿನ್: ಈ ಜೋಡಿಗೆ ಪೂರ್ಣ ಅಂಕ.

ಬಟ್ಟೆ ಚೀಲ ನೋಡಿದರೆ ಮಲೆನಾಡಿನ ಯಾವ ಅಜ್ಜಿಯೂ ಬೆರಗಾಗುವುದಿಲ್ಲ. ಬೆಲ್ಲದ ಕಾಫಿಯನ್ನು ನಮ್ಮವರು ಬಟ್ಟೆಯಲ್ಲೇ ಸೋಸುತ್ತಿದ್ದರು. ಮಲೇಶಿಯಾ, ಸಿಂಗಪುರದಲ್ಲಿ ಇದಕ್ಕೆ ತಂತಿಯ ಬಳೆ, ಉದ್ದ ಹಿಡಿ ಬಂದಿದೆ ಅಷ್ಟೆ. ಚೀನಾದ ಹೈನಾನ್ ದ್ವೀಪದಿಂದ ಬಂದವರು ಅಲ್ಲಿ ಕಾಫಿ ಅಂಗಡಿ ಇಟ್ಟರು. ಅಗ್ಗದ ರೋಬಸ್ಟಾವನ್ನು ಸಕ್ಕರೆ ಮತ್ತು ಮಾರ್ಗರಿನ್ ಹಾಕಿ ಕರ್ರಗೆ ಹುರಿದು ಅದಕ್ಕೊಂದು ರುಚಿ ತಂದರು. ಅಂಥ ಬೀಜವನ್ನು ನಮ್ಮ ಅಂಗಡಿಯ ಯಂತ್ರಕ್ಕೆ ಹಾಕಬೇಡಿ, ಕರಗಿದ ಸಕ್ಕರೆ ತಟ್ಟೆಗೆ ಅಂಟಿ ಬೈಗುಳ ತಿನ್ನಬೇಕಾಗುತ್ತದೆ. ಚೀಲಕ್ಕೆ 500 ಮಿ.ಲೀ. ನೀರಿಗೆ 45 ಗ್ರಾಂ ಪುಡಿ, ಐದು ನಿಮಿಷ ನೆನೆದ ಮೇಲೆ ಎರಡು ಸಲ ಸೋಸಿದರೆ ಸಾಕು. ಹೊಸ ಚೀಲವನ್ನು ಮೊದಲು ಬಳಸಿದ ಪುಡಿಯ ಜೊತೆ ಹತ್ತು ನಿಮಿಷ ಕುದಿಸಿ, ಇಲ್ಲದಿದ್ದರೆ ಗಂಜಿಯ ವಾಸನೆ ಬರುತ್ತದೆ. ಸೋಪು ಮುಟ್ಟಿಸಬಾರದು, ಒಣಗಲೂ ಬಿಡಬಾರದು: ಬಟ್ಟೆಯಲ್ಲಿ ಉಳಿದ ಕಾಫಿ ಎಣ್ಣೆ ಗಾಳಿಗೆ ಕಮಟು ಹಿಡಿಯುತ್ತದೆ. ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಡಿ. ಹತ್ತು ಜನರ ಮನೆಗೆ ಇದಕ್ಕಿಂತ ಅಗ್ಗದ ದಾರಿಯಿಲ್ಲ. ಇಬ್ಬರಿರುವ ಮನೆಗೆ ಬರೀ ರಗಳೆ. ಬೆಲ್ಲದ ಕಾಫಿಗೆ ಬಳಸುವವರು ಒಲೆಯ ಮೇಲಿರುವಾಗ ಹಾಲು ಹಾಕಬೇಡಿ, ಒಡೆಯುತ್ತದೆ. ಇಳಿಸಿ, ಸೋಸಿ, ಸ್ವಲ್ಪ ಆರಿದ ಮೇಲೆ ಬಿಸಿ ಹಾಲು ಸೇರಿಸಿ.

ಪಾತ್ರೆಯೇ ಬೇಡವೆನ್ನುವ ದೇಶವೂ ಉಂಟು. ಇಂಡೊನೇಷ್ಯಾದ ತುಬ್ರುಕ್ ಎಂದರೆ ಗಾಜಿನ ಲೋಟಕ್ಕೆ 10 ಗ್ರಾಂ ನುಣುಪು ಪುಡಿ, ಸಕ್ಕರೆ, 150 ಮಿ.ಲೀ. ಕುದಿನೀರು. ಕಲಕಿ ನಾಲ್ಕು ನಿಮಿಷ ಬಿಟ್ಟರೆ ಗಸಿ ತಳ ಸೇರುತ್ತದೆ, ಕೊನೆಯ ಗುಟುಕು ಬಿಡಬೇಕು. ಖರ್ಚು ಸೊನ್ನೆ, ಆದ್ದರಿಂದ ಏನನ್ನೂ ಕೊಳ್ಳುವ ಮುಂಚೆ ಇದನ್ನು ಮಾಡಿ ನೋಡಿ, ನಿಮ್ಮ ಬೀಜದ ಗುಣದೋಷ ಬೆತ್ತಲಾಗಿ ತಿಳಿಯುತ್ತದೆ. ಇದಕ್ಕೆ ಎಸ್.795 ಅರೇಬಿಕಾ ಹಾಕಬೇಕೆಂಬುದಕ್ಕೆ ಕಾರಣವಿದೆ. ಬಾಬಾಬುಡನ್ನರು ಯೆಮನ್ನಿನ ಮೋಕಾದಿಂದ ಏಳು ಬೀಜ ತಂದರೆಂಬ ಪ್ರತೀತಿ ಇಲ್ಲಿ ಎಲ್ಲರಿಗೂ ಗೊತ್ತು. 1696ರಲ್ಲಿ ಡಚ್ಚರು ಜಾವಾಕ್ಕೆ ಕಾಫಿ ಗಿಡ ಒಯ್ದದ್ದು ಮಲಬಾರಿನಿಂದ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಮುಂದೆ ಎಲೆ ತುಕ್ಕು ರೋಗ ಬಂದು ಸಿಲೋನಿನ ಕಾಫಿ ನೆಲಕಚ್ಚಿ ಅಲ್ಲಿ ಚಹಾ ಬಂತು, ಜಾವಾದಲ್ಲಿ ರೋಬಸ್ಟಾ ಬಂತು. ಆ ರೋಗಕ್ಕೆ ತಡೆ ಹುಡುಕುತ್ತ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಬೆಳೆಸಿದ ಎಸ್.795 ತಳಿ ಇಂಡೊನೇಷ್ಯಾಕ್ಕೂ ಹೋಯಿತು. ಅಲ್ಲಿ ಅದನ್ನು ಜೆಂಬರ್ ಎನ್ನುತ್ತಾರೆ. ಸುಮಾತ್ರಾದ ಕಾಫಿಯ ಗವ್ವೆನ್ನುವ ಮಣ್ಣು ಘಮಲು ಮಾತ್ರ ಈ ಬೀಜದಿಂದ ನಿಮಗೆ ಬರುವುದಿಲ್ಲ. ಅಲ್ಲಿ ಮಳೆ ಬಿಡುವುದಿಲ್ಲವೆಂದು ಪಾರ್ಚ್‌ಮೆಂಟನ್ನು ಅರೆ ಹಸಿಯಿರುವಾಗಲೇ ಸಿಪ್ಪೆ ತೆಗೆದು ಒಣಗಿಸುತ್ತಾರೆ, ಆ ವಾಸನೆ ಅದರದ್ದು. ನಮ್ಮಲ್ಲಿ ಕೊಯ್ಲಿನ ಹೊತ್ತಿಗೆ ಬಿಸಿಲಿರುವುದರಿಂದ ಅಂಥ ಅವಸರ ಬೇಕಿಲ್ಲ.

ಜೆಜ್ವೆ ಕೊಳ್ಳುವವರು ಮೊದಲು ನೋಡಬೇಕಾದ್ದು ಒಳಮೈ. ತಾಮ್ರ, ಹಿತ್ತಾಳೆಯದಾದರೆ ಒಳಗೆ ಕಲಾಯಿ ಬೆಳ್ಳಗೆ, ಕಲೆಯಿಲ್ಲದೆ ಇರಬೇಕು. ತವರ 232 ಡಿಗ್ರಿಗೆ ಕರಗುತ್ತದೆ, ಖಾಲಿ ಪಾತ್ರೆಯನ್ನು ಒಲೆಯ ಮೇಲೆ ಮರೆತರೆ ಕಲಾಯಿ ಗುಳ್ಳೆ ಎದ್ದು ಹೋಯಿತೆಂದೇ ಲೆಕ್ಕ. ಕಲಾಯಿಯವರು ಈಗ ಬೀದಿಗೆ ಬರುವುದು ಅಪರೂಪ, ಮತ್ತೆ ಹಾಕಿಸಲು ಪಾತ್ರೆ ಅಂಗಡಿಯಲ್ಲಿ ಕೊಟ್ಟು ಕಾಯಬೇಕು. ಸ್ಟೀಲಿನದಕ್ಕೆ ಈ ತಾಪತ್ರಯವಿಲ್ಲ, ಆದರೆ ತಳ ತೆಳುವಾದ್ದರಿಂದ ಒಂದೇ ಕಡೆ ಕಾದು ನೊರೆ ಕೆಡುತ್ತದೆ. ಎರಡನೆಯ ತೊಡಕು ನಮ್ಮ ಗ್ಯಾಸ್ ಒಲೆಯದು. ಜೆಜ್ವೆಯ ತಳ ಚಿಕ್ಕದು, ಒಲೆಯ ಕಾಲುಗಳ ನಡುವೆ ವಾಲಿ ಬೀಳುತ್ತದೆ. ಮೇಲೆ ಇಡುವ ಸಣ್ಣ ಕಬ್ಬಿಣದ ಜಾಲರಿ ಜೊತೆಗೇ ತರಿಸಿ.

ಪುಡಿ ಹಿಟ್ಟಿನಷ್ಟು ನುಣ್ಣಗೆ ಬೇಕು, ಮುಖಕ್ಕೆ ಹಚ್ಚುವ ಪೌಡರಿನ ಹಾಗೆ ಬೆರಳಿಗೆ ಅಂಟಬೇಕು. ಅಂಗಡಿಯ ಯಂತ್ರ ಅಷ್ಟು ನುಣುಪಿಗೆ ಬರುವುದು ಕಡಿಮೆ, ಬಂದರೂ ಪುಡಿ ಬಿಸಿಯಾಗಿ ಘಮ ಹೋಗುತ್ತದೆ. ಮಿಕ್ಸಿಯಲ್ಲಿ ಹತ್ತು ಸೆಕೆಂಡಿನಂತೆ ಬಿಟ್ಟು ಬಿಟ್ಟು ತಿರುಗಿಸಿ, ಮೈದಾ ಜರಡಿಯಲ್ಲಿ ಜಾಲಿಸಿಕೊಂಡರೆ ಕೆಲಸ ನಡೆಯುತ್ತದೆ. 70 ಮಿ.ಲೀ. ತಣ್ಣೀರಿಗೆ 7 ಗ್ರಾಂ ಪುಡಿ. ಸಕ್ಕರೆ ಬೇಕಿದ್ದರೆ ಈಗಲೇ, ಆಮೇಲೆ ಹಾಕಿ ಕಲಕಿದರೆ ಗಸಿ ಏಳುತ್ತದೆ. ಒಮ್ಮೆ ಕಲಕಿ ಸಣ್ಣ ಉರಿಗೆ ಇಟ್ಟ ಮೇಲೆ ಚಮಚ ಮುಟ್ಟಬೇಡಿ. ಮೂರು ನಾಲ್ಕು ನಿಮಿಷಕ್ಕೆ ಅಂಚಿನಿಂದ ಕಂದು ನೊರೆ ಒಳಮುಖವಾಗಿ ಕಟ್ಟುತ್ತ ಬರುತ್ತದೆ, ನಡುವೆ ಒಂದು ರೂಪಾಯಿಯಷ್ಟು ಜಾಗ ಕಪ್ಪಗೆ ಉಳಿಯುತ್ತದೆ. ಆ ಜಾಗ ಮುಚ್ಚುವ ಹೊತ್ತಿಗೆ ಇಳಿಸಬೇಕು. ಹಾಲು ಉಕ್ಕುವುದನ್ನು ಕಾಯುವ ಅಭ್ಯಾಸವಿರುವ ಕೈ ಇಲ್ಲಿ ಎರಡು ಕ್ಷಣ ತಡಮಾಡುತ್ತದೆ. ಕುದಿ ಬಂದರೆ ನೊರೆ ಒಡೆದು ಬರೀ ಕಹಿ ನೀರು. ನೊರೆಯೇ ಬರದಿದ್ದರೆ ಪುಡಿ ಹಳತು. ಚಿಕೋರಿ ಇದ್ದರೆ ಗಸಿ ತಳಕ್ಕೆ ಕೂರುವುದೇ ಇಲ್ಲ, ಕೊನೆಯವರೆಗೂ ಅಂಬಲಿ.

ಇಷ್ಟೆಲ್ಲ ನೇಮವಿರುವ ಟರ್ಕಿಯಲ್ಲಿ ಕಾಫಿ ಬೆಳೆ ಇಲ್ಲ. 1550ರ ದಶಕದಲ್ಲಿ ಇಸ್ತಾಂಬುಲಿನಲ್ಲಿ ಕಾಫಿ ಮನೆಗಳು ತೆರೆದಾಗ ಬೀಜ ಯೆಮನ್ನಿನಿಂದ ಬರುತ್ತಿತ್ತು, ಯೆಮನ್ ಆಗ ಅದೇ ಆಟೊಮನ್ ಸಾಮ್ರಾಜ್ಯದೊಳಗಿತ್ತು. ಸಾಮ್ರಾಜ್ಯ ಹೋದ ಮೇಲೆ ಬೀಜ ವಿದೇಶಿ ಸರಕಾಯಿತು. ಕಪ್ಪು ಸಮುದ್ರದ ದಂಡೆಯ ರಿಜೆಯಲ್ಲಿ ಚಹಾ ಬೆಳೆಸಿದರು. ಈಗ ಟರ್ಕಿಯವರು ದಿನವಿಡೀ ಕುಡಿಯುವುದು ಚಹಾವನ್ನೇ. ಕಾಫಿ ನೆಂಟರಿಗೆ, ಹೆಣ್ಣು ನೋಡುವ ಶಾಸ್ತ್ರಕ್ಕೆ. ಟರ್ಕಿ ಕಾಫಿಯ ಸಂಪ್ರದಾಯ 2013ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ದಿನಕ್ಕೆ ಮೂರು ಹೊತ್ತು ಕಾಫಿ ಕಾಯಿಸುವ ಮನೆಗೆ ಜೆಜ್ವೆ ಹೇಳಿದ್ದಲ್ಲ. ಒಂದು ಸಲಕ್ಕೆ ಎರಡು ಪುಟ್ಟ ಕಪ್ಪು, ಅಷ್ಟೇ.

ವಿ60ಯ ಲೆಕ್ಕಾಚಾರ ಪೂರ್ತಿ ಬೇರೆ. ಹಾಲಿಲ್ಲ, ಸಕ್ಕರೆಯಿಲ್ಲ, ಬೀಜ ಯಾವ ತೋಟದ್ದೆಂದು ನಾಲಿಗೆಗೆ ತಿಳಿಯಬೇಕು ಎನ್ನುವ, ದುಡ್ಡಿರುವ ಪಟ್ಟಣದ ಅಭಿರುಚಿ ಅದರದ್ದು. ಜಪಾನೂ ಹೆಚ್ಚುಕಡಿಮೆ ಎಲ್ಲ ಬೀಜವನ್ನೂ ಆಮದು ಮಾಡಿಕೊಳ್ಳುತ್ತದೆ. 60 ಡಿಗ್ರಿಯ ಶಂಕು, ಒಳಗೆ ಸುರುಳಿ ಏಣು, ತಳದಲ್ಲಿ ಒಂದೇ ದೊಡ್ಡ ತೂತು. ಇಳಿಯುವ ವೇಗ ನಿಮ್ಮ ಕೈಯಲ್ಲಿ. ಪಿಂಗಾಣಿ ಚೆಂದ, ಆದರೆ ಬಿಸಿ ಹೀರುತ್ತದೆ. ಅಗ್ಗದ ಪ್ಲಾಸ್ಟಿಕ್ಕಿನದೇ ಕೆಲಸಕ್ಕೆ ಒಳ್ಳೆಯದು. 15 ಗ್ರಾಂ ಪುಡಿ, 240 ಮಿ.ಲೀ. ನೀರು. ಕಾಗದವನ್ನು ಬಿಸಿನೀರಲ್ಲಿ ತೊಳೆದು, 40 ಮಿ.ಲೀ. ಹಾಕಿ ಮುಕ್ಕಾಲು ನಿಮಿಷ ಬಿಟ್ಟು, ಉಳಿದದ್ದನ್ನು ಸುತ್ತಿಸುತ್ತ ಸುರಿದರೆ ಮೂರು ನಿಮಿಷಕ್ಕೆ ಮುಗಿಯಬೇಕು. ಬೀಜಕ್ಕೆ ಚಂದ್ರದ್ರೋಣ ಬೆಟ್ಟಸಾಲಿನ ಎತ್ತರದ ತೋಟಗಳ ತೊಳೆದ ಅರೇಬಿಕಾ, ತಿಳಿ ಹುರಿ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಆ ಗುರುತಿನ ರುಚಿ ನಿಜಕ್ಕೂ ಗೊತ್ತಾಗುವುದು ಈ ಪಾತ್ರೆಯಲ್ಲೇ. ಪೇಟೆಯ ಮಾಮೂಲಿ ಕಪ್ಪು ಹುರಿ ಹಾಕಿದರೆ ಸುಟ್ಟ ನೀರು. ಕಾಗದ ಮುಗಿದಂತೆಲ್ಲ ಮತ್ತೆ ಕೊಳ್ಳಬೇಕು, ಹಳ್ಳಿಯಲ್ಲಿ ಸಿಗುವುದಿಲ್ಲ. ಸ್ವಂತ ತೋಟವಿದ್ದವರು ಮಾತ್ರ ಇದನ್ನು ಕೊಳ್ಳದೆ ಇರಬಾರದು: ಪಲ್ಪಿಂಗ್ ತಡವಾಗಿ ಹುಳಿಯೆದ್ದದ್ದು, ಕಣದಲ್ಲಿ ಬೂಸಲು ತಗುಲಿದ್ದು, ಎಲ್ಲವೂ ಕಪ್ಪಿನಲ್ಲಿ ಸಿಕ್ಕಿಬೀಳುತ್ತದೆ.

ದಲ್ಲಾ ಬಗ್ಗೆ ಹೆಚ್ಚೇನಿಲ್ಲ. ಇಲ್ಲಿ ಸಿಗುವವು ಷೋಕೇಸಿನ ತೆಳು ತಗಡು, ಒಲೆಗೆ ಹೇಳಿದ್ದಲ್ಲ. ಅರಬ್ ಕಾಫಿ ಬೇಕೆಂದರೆ ಯಾವ ಸ್ಟೀಲ್ ಪಾತ್ರೆಯಾದರೂ ಆದೀತು: ಅರ್ಧ ಲೀಟರ್ ನೀರು, ಹೊಂಬಣ್ಣಕ್ಕೆ ಹುರಿದು ತರಿಯಾಗಿ ಒಡೆದ 20 ಗ್ರಾಂ ಅರೇಬಿಕಾ, ಹತ್ತು ನಿಮಿಷ ಸಣ್ಣ ಕುದಿ, ಇಳಿಸುವಾಗ ಜಜ್ಜಿದ ಎಂಟು ಹತ್ತು ಏಲಕ್ಕಿ. ಏಲಕ್ಕಿ ಸಕಲೇಶಪುರ, ಮೂಡಿಗೆರೆ ಕಡೆಯದೇ ಇರಲಿ, ಹೊಸ ಹಸಿರು ಕಾಯಿ. ಕೊಲ್ಲಿ ದೇಶಗಳಿಗೆ ಈಗ ಏಲಕ್ಕಿ ಹೆಚ್ಚಾಗಿ ಹೋಗುವುದು ಗ್ವಾಟೆಮಾಲಾದಿಂದ, ಅದು ಬೇರೆ ಮಾತು.

ಯೆಮನ್ನಿನಲ್ಲಿ ಮಾತ್ರ ಬೀಜ ಮಾರಾಟಕ್ಕೆ, ಒಣ ಸಿಪ್ಪೆ ಮನೆಗೆ. ಸಿಪ್ಪೆಯನ್ನು ಶುಂಠಿ ಹಾಕಿ ಕುದಿಸಿದ ಕಿಶರ್ ಅವರ ನಿತ್ಯದ ಪಾನೀಯ: 500 ಮಿ.ಲೀ. ನೀರಿಗೆ 15 ಗ್ರಾಂ ಸಿಪ್ಪೆ, ಒಂದು ಇಂಚು ಶುಂಠಿ, ಏಳೆಂಟು ನಿಮಿಷ, ಸಕ್ಕರೆ. ನಮ್ಮ ತೋಟಗಳಲ್ಲಿ ಇದೇ ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗುತ್ತದೆ. ಹಾಗೆಂದು ಗುಂಡಿಯ ಪಕ್ಕದ ರಾಶಿಯಿಂದಲೇ ಒಂದು ಹಿಡಿ ತಂದು ಕುದಿಸಬೇಡಿ. ರೋಗ ತಡೆಯುವ ಬೋರ್ಡೋ ಮಿಶ್ರಣ ಹೊಡೆದ ಗಿಡದ ಹಣ್ಣಾದರೆ ಸಿಪ್ಪೆಯ ಮೇಲೆ ಮೈಲುತುತ್ತ ಉಳಿದಿರಬಹುದು, ಕಣದಲ್ಲಿ ನಾಯಿ ಕೋಳಿ ಓಡಾಡಿರುತ್ತವೆ, ಪಲ್ಪರಿನಿಂದ ಬಿದ್ದ ಹಸಿ ಸಿಪ್ಪೆ ಒಂದೇ ದಿನಕ್ಕೆ ಹುಳಿತು ಬೂಸಲು ಹಿಡಿಯುತ್ತದೆ. ಔಷಧಿ ಹೊಡೆಯದ ಗಿಡದ ಕೆಂಪು ಹಣ್ಣನ್ನು ಬೇರೆಯಾಗಿ ಬಿಡಿಸಿ, ತೊಳೆದು, ಕೈಯಲ್ಲೇ ಬೀಜ ಹಿಸುಕಿ ತೆಗೆದು, ನೆಲದಿಂದ ಎತ್ತರಕ್ಕೆ ಕಟ್ಟಿದ ಬಲೆಯ ಮೇಲೆ ತೆಳ್ಳಗೆ ಹರಡಿ. ಮುರಿದರೆ ಲಟಕ್ಕೆನ್ನುವಷ್ಟು ಒಣಗಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ.